ಸಂಗ್ವಾನ್ ಕೂಗಲಿಲ್ಲ

ನನ್ನ ಅತ್ತಿಗೆ ಸಂಗ್ವಾನ್ ಯಾರಿಗೂ ಸೊಪ್ಪು ಹಾಕುವವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ನನ್ನಮ್ಮನಿಗೆ, "ಅತ್ತೆ, ನೀವು ಬಂಗುಡೆಗೆ ಉಪ್ಪು ಜಾಸ್ತಿ ಸುರೀತೀರ" ಎಂದಳು. ಅಮ್ಮ ಒಂದಷ್ಟು ದಿನ ಗೊಣಗಿದಳು. ಆಮೇಲೆ ಉಪ್ಪು ಕಡಿಮೆ ಮಾಡಿದಳು.

ನಮ್ಮ ಮೆಕ್ಲೋಂಗ್ ಊರಿನ ಸಂತೆಯ ನಡುವೆಯೇ ರೈಲು ಹಳಿ ಹಾದಿದೆ. ರೈಲು ತಿರುವು ದಾಟಿ ಒಳಗೆ ಬರುವಾಗ ಮೊದಲು ಸಿಗುವುದೇ ನಮ್ಮ ಅಂಗಡಿ. ಬಂಗುಡೆಯ ಕತ್ತು ಮುರಿದು ಬಗ್ಗಿಸಿ, ಬಿದಿರುಬುಟ್ಟಿಯಲ್ಲಿ ಜೋಡಿಸಿ, ಬೇಯಿಸಿ ಮಾರುತ್ತೇವೆ. ಬಗ್ಗಿಸದಿದ್ದರೆ ಬುಟ್ಟಿಗೆ ಹಿಡಿಯುವುದಿಲ್ಲ. ಹಳಿಯ ಎರಡೂ ಬದಿ ಅಂಗಡಿಗಳೇ. ಎಲ್ಲರ ಟಾರ್ಪಾಲೂ ಕೋಲಿನ ಆಸರೆಯಲ್ಲಿ ಹಳಿಯ ಮೇಲೆಯೇ ಚಾಚಿಕೊಂಡಿರುತ್ತದೆ. ರೈಲು ಕಂಡೊಡನೆ ಮೊದಲ ಅಂಗಡಿಯವಳು "ರೈಲು ಬಂತೋ!" ಎಂದು ಕೂಗಿ ತನ್ನದನ್ನು ಮಡಿಸುತ್ತಾಳೆ. ಆ ಕೂಗಿಗೆ ಸಾಲುಸಾಲಾಗಿ ಎಲ್ಲ ಮಡಿಸುತ್ತಾರೆ. ಹಳಿಯ ಪಕ್ಕದ ಸೊಪ್ಪಿನ ಮೇಲೆಯೇ ರೈಲು ಹಾದುಹೋಗುತ್ತದೆ, ಒಂದು ಎಲೆಯೂ ಮುಕ್ಕಾಗುವುದಿಲ್ಲ.

ಅಮ್ಮನ ನಂತರ ಆ ಕೂಗು ಅತ್ತಿಗೆಗೆ ಬಂತು. ಸಂತೆಯಲ್ಲಿ ಅದನ್ನು ತಮಾಷೆಗೂ ಸುಳ್ಳುಸುಳ್ಳೇ ಕೂಗುವಂತಿಲ್ಲ. ಮಕ್ಕಳು ಆಟಕ್ಕೆ ಕೂಗಿದರೂ ಬೆನ್ನಿಗೆ ಏಟು ಬೀಳುತ್ತದೆ.

ಬ್ಯಾಂಕಾಕ್‌ನಿಂದ ಬೆಳಿಗ್ಗೆ ಬಂದು ಸಂಜೆಗೆ ವಾಪಸಾಗುವ ಜನ ಇದನ್ನು ನೋಡಲೆಂದೇ ವ್ಯಾನು ತುಂಬಿ ಬರುತ್ತಾರೆ. ಬರಲಿ, ನಮಗೇನು? ಆದರೆ ವ್ಯಾನುಗಳ ಮಾಲೀಕ ವಿಟೂನ್‌ಗೆ ನಮ್ಮ ಮೀನಿನ ವಾಸನೆ ಆಗದು. ಒಬ್ಬೊಬ್ಬರನ್ನೇ ಒಲಿಸಿಕೊಂಡು ಅರ್ಧ ಸಂತೆಯನ್ನು ಎಳನೀರು ಐಸ್‌ಕ್ರೀಮು ಮಾರಲು ಹಚ್ಚಿದ್ದ. ಅತ್ತಿಗೆ ಮಾತ್ರ ಜಗ್ಗಿರಲಿಲ್ಲ.

"ಅಕ್ಕ, ಹಿಂದಿನ ಶೆಡ್ಡಿಗೆ ಹೋಗಿ ಮಾರಬಾರ್ದಾ? ಜನ ಮೂಗು ಮುಚ್ಕೋತಾರೆ," ಎನ್ನುತ್ತಿದ್ದ.

"ಮುಚ್ಕೊಳ್ಳಿ ಬಿಡು. ಬಾಯಲ್ಲಿ ಉಸಿರಾಡಿದ್ರೆ ಸಾಯಲ್ಲ."

ಕಳೆದ ಬೇಸಿಗೆಯಲ್ಲಿ ಒಂದು ದಿನ ಎಂಜಿನ್ ಕೆಟ್ಟು ರೈಲು ಬರಲೇ ಇಲ್ಲ. ನೆತ್ತಿ ಸುಡುವ ಬಿಸಿಲು. ಹಳಿಯ ತುಂಬ ಫೋನು ಎತ್ತಿ ಹಿಡಿದ ಜನ. ವಿಟೂನ್ ಬೆವರೊರೆಸುತ್ತ ಬಂದು ಗಿಲೀಟಿನ ನಗೆ ನಕ್ಕ.

"ಅಕ್ಕ, ಒಂದೇ ಒಂದ್ಸಲ ಕೂಗಿ, ಮಡಿಸಿ. ಹಣ ಕೊಡ್ತೀನಂದೆ, ಎಲ್ರೂ ಒಪ್ಪಿದಾರೆ. ನೀವು ಕೂಗಿದ್ರೆ ಸಾಕು."

"ರೈಲೆಲ್ಲಿ?"

"ರೈಲು ಬೇಡಕ್ಕ. ವಿಡಿಯೋಗೆ."

"ರೈಲಿಲ್ದೆ ರೈಲು ಬಂತು ಅನ್ಲಾ? ನಿನ್ ಹೆಂಡ್ತಿ ಬಸುರಿ ಆಗ್ದೆ ನೀನು ಮಿಠಾಯಿ ಹಂಚ್ತೀಯೇನೋ?"

ಸುತ್ತಲಿದ್ದವರು ಕಿಸಕ್ಕೆಂದರು. ವಿಟೂನ್‌ನ ಮುಖ ಕೆಂಪಾಯಿತು. "ಹಾಗಾದ್ರೆ ನಾಳೆಯಿಂದ ಈ ಜಾಗ ನಿಮ್ಮದಲ್ಲ. ಬುನ್‌ಸೊಂಗ್ ಮಾವನ ಹತ್ರ ಮಾತಾಡಿ ಆಗಿದೆ."

 ಎಲ್ಲರೂ ಮಾವ ಎನ್ನುವ ಬುನ್‌ಸೊಂಗ್ ಸಂತೆಯ ಹಿರಿಯ. ಯಾರು ಎಲ್ಲಿ ಕೂರಬೇಕೆಂದು ಹೇಳುವವನು ಅವನೇ. ಅವನ ಸೊಸೆಯೂ ಈಗ ಐಸ್‌ಕ್ರೀಮೇ ಮಾರುತ್ತಿದ್ದಳು. ಹಿಂದಿನ ಶೆಡ್ಡಿಗೆ ಹೋದರೆ ನಾಯಿಯೂ ನಮ್ಮ ಮೀನು ಮೂಸುವುದಿಲ್ಲ.

"ಅತ್ತಿಗೆ, ಒಂದ್ಸಲ ಕೂಗ್ಬಿಡು, ಪೀಡೆ ತೊಲಗ್ಲಿ," ಎಂದು ಪಿಸುಗುಟ್ಟಿದೆ.

"ಇವತ್ತು ಸುಳ್ಳು ಕೂಗಿದ್ರೆ ನಾಳೆ ನಿಜ ಕೂಗಿದಾಗ ಯಾವಳಾದ್ರೂ ಒಬ್ಳು ಅನುಮಾನ ಪಟ್ಟು ನಿಲ್ತಾಳೆ. ಅವಳ ಕಾಲು ನೀನು ಹುಡುಕ್ಕೊಂಡು ಬರ್ತೀಯಾ?"

 ಅಷ್ಟರಲ್ಲಿ ಬುನ್‌ಸೊಂಗ್ ಮಾವನೇ ಬಂದ. ಯಾರ ಮುಖವನ್ನೂ ನೋಡದೆ ನಮ್ಮ ಟಾರ್ಪಾಲಿನ ಕೋಲಿಗೆ ಕೈ ಹಾಕಿದ.

"ಮಡಿಸಮ್ಮ, ಸಂಗ್ವಾನ್. ಹಟ ಸಾಕು."

ಅತ್ತಿಗೆ ಮೀನಿನ ಕೈಯನ್ನೇ ಅವನ ಕೈಮೇಲಿಟ್ಟಳು. "ಮಡಿಸು ಮಾವ, ಬೇಡ ಅನ್ನಲ್ಲ. ಆದ್ರೆ ಮಡಿಸೋರು ಕೂಗ್ಬೇಕು. ಕೂಗು."

ಮಾವ ಬಾಯಿ ತೆರೆದ. ಸಾಲಿನಲ್ಲಿ ಎಲ್ಲರೂ ಕೋಲು ಹಿಡಿದು ಅವನನ್ನೇ ನೋಡುತ್ತಿದ್ದರು. ಐಸ್‌ಕ್ರೀಮಿನ ಸೊಸೆಯೂ ನೋಡುತ್ತಿದ್ದಳು. ಕೂಗು ಮಾತ್ರ ಹೊರಬರಲಿಲ್ಲ. ಹುಟ್ಟಿದಾಗಿನಿಂದ ಆ ಕೂಗಿಗೆ ಎದ್ದು ಓಡಿದ ಮನುಷ್ಯ, ಸುಳ್ಳು ಹೇಗೆ ಬಂದೀತು? ಕೋಲು ಬಿಟ್ಟು, ಲುಂಗಿಗೆ ಕೈ ಒರೆಸಿಕೊಂಡ.

"ಆಗಲ್ಲಪ್ಪ," ಎಂದ ವಿಟೂನ್‌ಗೆ.

"ಹಾಗಾದ್ರೆ ಈ ಜಾಗ ಬೇರೆಯವ್ರಿಗೆ ಕೊಡಿ!"

"ಯಾರಿಗೆ ಕೊಡ್ಲಿ? ನನ್ನ ಸೊಸೆನ ಕೂರಿಸಿದ್ರೆ ಅವಳೂ ಸುಳ್ಳು ಕೂಗಲ್ಲ. ಇವಳು ಇಲ್ಲೇ ಇರ್ಲಿ."

ವಿಟೂನ್‌ಗೆ ತಲೆ ಕೆಟ್ಟಿತು. ಹಳಿಯ ನಡುವೆ ನಿಂತು ತಾನೇ ಕೈಯೆತ್ತಿ, ಗಂಟಲು ಹರಿಯುವಂತೆ ಅರಚಿದ: "ರೈಲು ಬಂತೋ!"

ಅವನು ಕರೆತಂದ ಜನ ಬೆಚ್ಚಿ ಅತ್ತಿತ್ತ ಹಾರಿದರು. ಒಬ್ಬ ಮುದುಕಿಯ ಟೋಪಿ ನಮ್ಮ ಬುಟ್ಟಿಗೆ ಬಿತ್ತು. ಆದರೆ ಅಷ್ಟುದ್ದದ ಸಂತೆಯಲ್ಲಿ ಒಂದೇ ಒಂದು ಟಾರ್ಪಾಲು ಅಲುಗಲಿಲ್ಲ. ಹಣಕ್ಕೆ ಒಪ್ಪಿದ್ದವರೂ ಕೋಲಿನಿಂದ ಕೈ ತೆಗೆದರು. ಆಹಾ, ನನಗಾದ ಸಂತೋಷ ಹೇಳತೀರದು!

ಅವನು ಮತ್ತೊಮ್ಮೆ ಕೂಗಿದ. ಸ್ವರ ಒಡೆಯಿತು. ಸೊಪ್ಪಿನವಳು ಸೊಪ್ಪಿಗೆ ನೀರು ಚಿಮುಕಿಸಿದಳು.

ಅತ್ತಿಗೆ ಮುದುಕಿಯ ಟೋಪಿಯನ್ನು ಕೊಡವಿ ಕೊಟ್ಟು, ವಿಟೂನ್ ಕಡೆ ಕೈ ಬೀಸಿದಳು.

"ಪಕ್ಕಕ್ಕೆ ಸರಿಯಪ್ಪ, ಗಿರಾಕಿಗೆ ಮೀನು ಕಾಣ್ತಿಲ್ಲ."