ಗಾಡಿ ಯಾರದು ಎಂದು ಕೇಳಿದ ವಿಮೆ ಅಣ್ಣನವರು

ಸೃಷ್ಟಿ, ಚಿನ್ಮಯ, ನೀವು ನೋಡದ ಒಬ್ಬರ ಬಗ್ಗೆ ಬರೆದಿಡುತ್ತಿದ್ದೇನೆ. ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು. ಕಾರ್ಬನ್ ಹಾಳೆಯ ಬಣ್ಣ ಅದು. ಉಗುರಿನ ಸಂದಿಗೆ ಇಳಿದು ಕೂತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಬಿಳಿ ಅನ್ನಕ್ಕೆ ಆ ನೀಲಿ ಬೆರಳು ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವಿಮೆ ಅಣ್ಣನವರು ಎಂದೇ ನಾವೆಲ್ಲ ಅವರನ್ನು ಕರೆಯುತ್ತಿದ್ದೆವು.

ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಇಪ್ಪತ್ತೈದು ವರ್ಷ ಮಗ್ಗದ ಮುಂದೆ ನಿಂತು ದುಡಿದವರು. ಗಿರಣಿ ಮುಚ್ಚಿದ ಮೇಲೆ ಸೈಕಲ್ ಹತ್ತಿ, ಓಣಿ ಓಣಿ ತಿರುಗಿ ಗಾಡಿಗಳಿಗೆ ವಿಮೆ ಮಾಡಿಸುವ ಏಜೆಂಟರಾದರು. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಅವರು ಆಡುವ ಮಾತೆಲ್ಲ ಕೂಗೇ. ನಾನೋ ಬಾಗಿಲ ಹಿಂದೆ ನಿಂತು ಉತ್ತರ ಕೊಡುತ್ತಿದ್ದವಳು. ನಾಲ್ಕು ಜನ ಗಂಡಸರು ಕೂತ ಕಡೆ ನಾನು ಹೇಳಿದ್ದು ಪಕ್ಕದವರಿಗೂ ಕೇಳುತ್ತಿರಲಿಲ್ಲ.

ಆಗ ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಹರಿಹರದ ಮನೆಯಲ್ಲಿ ನಾನು ಮೂವರು ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಬಡಿದು, ದಾವಣಗೆರೆಯ ಹಾಸ್ಟೆಲ್‌ಗಳಿಗೆ ಕಳಿಸುತ್ತಿದ್ದೆ. ರೊಟ್ಟಿ ಬಸ್ಸಿನಲ್ಲಿ ಹೋಗುತ್ತಿತ್ತು. ಒಂದು ಬುಟ್ಟಿ ಇಳಿಸಿದರೆ ಅದರಲ್ಲಿ ಅರ್ಧ ಚೂರು. "ಇದೇನು ರೊಟ್ಟಿನೋ ನುಚ್ಚೋ?" ಎಂದು ಹಾಸ್ಟೆಲ್ಲಿನವರು ಆಡಿಕೊಳ್ಳುತ್ತಿದ್ದರು. ಇನ್ನು ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಹೇಳಿ ಕಳಿಸಿದ್ದರು. ಅದಕ್ಕಾಗಿ ಒಂದು ಹಳೇ ಅಂಬಾಸಿಡರ್ ಕಾರು ಕೊಳ್ಳುವುದೆಂದು ಗಟ್ಟಿ ಮಾಡಿದೆ. ಹಿಂದಿನ ಸೀಟು ತೆಗೆದರೆ ಆರು ಬುಟ್ಟಿ ಹಿಡಿಸುತ್ತದೆ ಎಂದು ನನ್ನ ಲೆಕ್ಕ.

ಕಾರು ಇದ್ದದ್ದು ದಾವಣಗೆರೆ ಪಿ.ಜೆ. ಬಡಾವಣೆಯ ಒಬ್ಬ ಬಟ್ಟೆ ಸಾಹುಕಾರರ ಮನೆಯಲ್ಲಿ. ನಿಮ್ಮ ತಾತನ ಅಣ್ಣ, ಅಂದರೆ ನನ್ನ ಭಾವನವರು, ಓಡಿಸಿಕೊಂಡು ಬರಲು ಜೊತೆಗೆ ಬಂದಿದ್ದರು. ನಿಂಬೆಹಣ್ಣು ಇಟ್ಟು ಪೂಜೆ ಮಾಡಿ ಆಯಿತು. ಹೊರಡಬೇಕು ಅನ್ನುವಾಗ ಸಾಹುಕಾರರು ತಲೆ ಕೆರೆದುಕೊಂಡರು. ಕಾರು ಸುಮ್ಮನೆ ನಿಂತಿತ್ತೆಂದು ಅದರ ವಿಮೆ ಮುಗಿದು ತಿಂಗಳಾದರೂ ಅವರು ಮತ್ತೆ ಕಟ್ಟಿರಲಿಲ್ಲ; ಏಜೆಂಟರನ್ನು ಕರೆತರಲು ಆಗಲೇ ಆಳನ್ನು ಓಡಿಸಿದ್ದರು.

"ಹದಿನಾಲ್ಕು ಕಿಲೋಮೀಟರಿಗೆ ಯಾವ ಇನ್ಶೂರೆನ್ಸ್ ಬಿಡ್ರಿ, ಕಣ್ಣು ಮುಚ್ಚಿ ಬಿಡೋದ್ರಾಗ ಹರಿಹರ" ಎಂದು ಭಾವನವರು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಕಣ್ಣು ಮುಚ್ಚಿ ಓಡಿಸ್ತೀರೇನ್ರಿ? ಹಂಗಾದ್ರೆ ಡಬಲ್ ಇನ್ಶೂರೆನ್ಸ್ ಬೇಕು!" ಎಂದು ಗೇಟಿನ ಹತ್ತಿರ ಯಾರೋ ಕೂಗಿದರು. ಸಾಹುಕಾರರು ಹೇಳಿ ಕಳಿಸಿದ್ದಕ್ಕೆ ಬಂದ ವಿಮೆ ಅಣ್ಣನವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು.

ಬಾನೆಟ್ ಎತ್ತಿಸಿದರು. ಗಾಡಿಯ ಗುರುತಿಗೆ ಕೊರೆದಿದ್ದ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಬಳಿಕ ಬಾನೆಟ್ ಮುಚ್ಚಿಸಿ, ಅದರ ಮೇಲೆಯೇ ಮೂರು ಪ್ರತಿಗೆ ಕಾರ್ಬನ್ ಇಟ್ಟ ಕವರ್ ನೋಟಿನ ಪುಸ್ತಕ ತೆರೆದರು. ಪಾಲಿಸಿ ಬರುವವರೆಗೆ ಆ ಒಂದು ಚೀಟಿಯೇ ಆಧಾರ.

"ಯಾರ ಹೆಸರಿಗೆ?"

"ನನ್ನ ಹೆಸರಿಗೆ ಬರೀರಿ. ಮನೆ ಗಂಡಸಿನ ಹೆಸರಿಗೆ ಇರ್ಲಿ. ಪೊಲೀಸರು ಹಿಡಿದ್ರೆ ಮಾತಾಡೋನು ನಾನಲ್ವಾ?" ಎಂದರು ಭಾವನವರು.

ಭಾವನವರು ಕೆಟ್ಟವರಲ್ಲ, ಮಕ್ಕಳೇ. ಅವರಿಗೆ ಅದು ಸಹಜವಾದ ಮಾತು. ಆದರೆ ನಾನು ಮುಂದಿನದನ್ನು ಲೆಕ್ಕ ಹಾಕಿದೆ. ಆಗೆಲ್ಲ ಮಾರುವವರು ಸಹಿ ಹಾಕಿ, ಕೊಳ್ಳುವವರ ಹೆಸರು ಬರೆಯದೆ ಗಾಡಿ ವರ್ಗಾಯಿಸುವ ಫಾರಂ ಕೊಟ್ಟುಬಿಡುತ್ತಿದ್ದರು. ವಿಮೆಯಲ್ಲಿ ಯಾವ ಹೆಸರು ಬೀಳುತ್ತದೋ ನಾಳೆ ಗಾಡಿಯ ಒಡೆತನ ತೋರಿಸುವ ಆರ್.ಸಿ. ಪುಸ್ತಕಕ್ಕೂ ಅದೇ ಹೋಗುವುದು. ನಾಳಿದ್ದು ಅವರ ಮಕ್ಕಳು ಬಂದು "ನಮ್ಮಪ್ಪನ ಗಾಡಿ" ಎಂದರೆ, ರೊಟ್ಟಿ ಮತ್ತೆ ಬಸ್ಸು ಹತ್ತಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ.

ಅಣ್ಣನವರು ಪೆನ್ನು ಎತ್ತಿ ಹಿಡಿದು ಸುತ್ತ ನೋಡಿದರು. ನಾನು ಬೇವಿನ ಮರದ ಹತ್ತಿರ ಚೀಲ ಅವಚಿಕೊಂಡು ನಿಂತಿದ್ದೆ. "ತಂಗೆಮ್ಮಾ, ಗಾಡಿ ಯಾರದ್ರಿ?"

"ನಂದು" ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಆಕಿ ಮಾತಾಡೋಳಲ್ಲ ಬಿಡ್ರಿ" ಎಂದರು ಭಾವನವರು.

"ನಾನು ಕೇಳಿದ್ದು ನಿಮ್ಮನ್ನಲ್ಲ ಯಜಮಾನ್ರೆ." ನನ್ನ ಕಡೆ ತಿರುಗಿ, "ನೋಡ್ರಿ ತಂಗೆಮ್ಮ, ತಲೆ ಆಡಿಸಿದ್ದನ್ನ ಬರಕೊಳ್ಳಾಕೆ ಈ ಫಾರಂನಾಗೆ ಜಾಗ ಇಲ್ಲ. ನನ್ನ ಕಿವಿ ಮಗ್ಗ ತಿಂದೈತೆ. ನನಗೆ ಕೇಳಂಗೆ ಹೇಳಿದ್ರೆ ಯಾವ ಆಫೀಸಿನೋರಿಗಾದ್ರೂ ಕೇಳತೈತೆ. ಹೇಳ್ರಿ" ಎಂದರು.

"ಗಾಡಿ ನಂದು ಅಣ್ಣಾರೆ!"

ಮರದ ಮೇಲಿನ ಕಾಗೆ ಹಾರಿತು. ಸಾಹುಕಾರರ ಹೆಂಡತಿ ಒಳಗಿನಿಂದ ಇಣುಕಿದರು. ಅಣ್ಣನವರು ನನ್ನ ಹೆಸರು ಕೇಳಿ ಬರೆದುಕೊಂಡರು. ಆಮೇಲೆ, "ಗಂಡನ ಹೆಸರು?"

ಅಲ್ಲಿ ಮತ್ತೆ ನಿಂತೆ. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ. ಅವರು ಇದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. ಭಾವನವರು ಹೇಳಲು ಬಾಯಿ ತೆರೆದರು. ಅಣ್ಣನವರು ಕೈ ಅಡ್ಡ ಹಿಡಿದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಶಾಲಿ ಕಲತೀರಾ?"

"ಏಳನೇತ್ತ ತನಕ."

"ಸಾಕಲ್ಲ. ಹೇಳಬ್ಯಾಡ್ರಿ, ಬರೀರಿ. ಒತ್ತಿ ಬರೀರಿ, ಮೂರನೇ ಹಾಳಿಗೂ ಇಳೀಬೇಕು."

ಒತ್ತಿ ಬರೆದೆ. ನಿಮ್ಮ ತಾತನ ಹೆಸರನ್ನು ನಾನು ನನ್ನ ಕೈಯಾರೆ ಬರೆದದ್ದು ಅವತ್ತೇ ಮೊದಲು. ಬಿಸಿಲಿಗೆ ಕಾದ ತಗಡು ಕೈ ಸುಡುತ್ತಿತ್ತು. ಅಣ್ಣನವರು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಮೂರರಾಗೂ ಬಂದೈತೆ" ಎಂದು ಕೈಗಡಿಯಾರ ನೋಡಿ, ವಿಮೆ ಶುರುವಾಗುವ ಹೊತ್ತೆಂದು ಅದು ತೋರಿಸಿದ್ದನ್ನೇ ಬರೆದು ಸಹಿ ಹಾಕಿದರು.

ಭಾವನವರು ಕಾರು ಓಡಿಸಿಕೊಂಡು ದಾರಿಯ ದೊಡ್ಡಬಾತಿ ಊರು ದಾಟಿದರು. ಆಮೇಲೆ, "ಇನ್ನು ಪೊಲೀಸರು ಬಂದ್ರೆ ನೀನೇ ಮಾತಾಡವ್ವ" ಎಂದು ಕುಟುಕಿದರು. ಹರಿಹರದ ಒಳಕ್ಕೆ ತಿರುಗುವಲ್ಲಿ ಪೊಲೀಸರು ನಿಜವಾಗಿಯೂ ಕೈ ಅಡ್ಡ ಹಾಕಿದರು. "ಯಾರದಪ್ಪ ಗಾಡಿ?" ಭಾವನವರು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. "ನಂದ್ರೀ!" ಎಂದೆ. ಕಿವುಡರ ಜೊತೆ ಮಾತಾಡಿ ಬಂದ ಜೋರು ಇನ್ನೂ ಇಳಿದಿರಲಿಲ್ಲ. "ಹೋಗ್ರಿ ತಾಯಿ, ಕೂಗಬ್ಯಾಡ್ರಿ" ಎಂದು ಪೊಲೀಸರು ಚೀಟಿ ನೋಡಿ ವಾಪಸ್ ಕೊಟ್ಟರು. ಭಾವನವರಿಗೆ ನಗು ತಡೆಯಲಿಲ್ಲ. ಆರ್.ಸಿ. ಪುಸ್ತಕವನ್ನು ನನ್ನ ಹೆಸರಿಗೆ ಮಾಡಿಸಲು ಮುಂದೆ ಓಡಾಡಿದವರೂ ಅವರೇ.

ಆಮೇಲೆ ವರ್ಷ ವರ್ಷವೂ ವಿಮೆ ಮುಗಿಯುವ ಮುಂಚೆ ಅಣ್ಣನವರು ಬಸ್ಸು ಹತ್ತಿ ಹರಿಹರಕ್ಕೆ ಬರುತ್ತಿದ್ದರು. ಓಣಿಯ ತುದಿಯಿಂದಲೇ ಕೂಗು: "ತಂಗೆಮ್ಮಾ, ನಿಂದು ಇನ್ನು ಇಪ್ಪತ್ತೇ ದಿನ ಉಳದೈತೆ!" ಮೊದಲ ಸಲ ಪಕ್ಕದ ಮನೆ ಅಜ್ಜಿ ಗಾಬರಿಯಾಗಿ, ನನಗೆ ಯಾವ ಕಾಯಿಲೆ ಎಂದು ಕೇಳಿಕೊಂಡು ಓಡಿ ಬಂದಿದ್ದಳು. ಅಣ್ಣನವರಿಗೆ ಊಟ ಮಾಡಿಸದೆ ನಾನು ಕಳಿಸುತ್ತಿರಲಿಲ್ಲ. ಫಾರಂ ಮಾತ್ರ ಅವರು ಎಂದೂ ತುಂಬಲಿಲ್ಲ, ನನ್ನಿಂದಲೇ ತುಂಬಿಸುತ್ತಿದ್ದರು. ತಪ್ಪಾದರೆ ಗೀಟು ಹೊಡೆದು ಮತ್ತೆ ಬರೆಸುತ್ತಿದ್ದರು.

ಒಂದು ವರ್ಷ, ವಿಮೆ ಮುಗಿಯಲು ಇಪ್ಪತ್ತು ದಿನ ಉಳಿಯಿತು, ಹತ್ತು ದಿನ ಉಳಿಯಿತು, ಕೂಗು ಬರಲಿಲ್ಲ. ದಾವಣಗೆರೆಗೆ ಹೋಗಿ ಅವರ ಮನೆ ಹುಡುಕಿದೆ. ತೀರಿಕೊಂಡು ತಿಂಗಳಾಗಿತ್ತು. ಮಲಗಿದಲ್ಲೇ ಹೋದರಂತೆ. ಅವರ ಹೆಂಡತಿಯ ಪಕ್ಕ ಸ್ವಲ್ಪ ಹೊತ್ತು ಕೂತು, ಅಲ್ಲಿಂದ ನೇರ ವಿಮೆ ಆಫೀಸಿಗೆ ಹೋದೆ. ಜೊತೆಗೆ ಯಾರೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ, ಫಾರಂ ಕೇಳಿ ತುಂಬಿದೆ.

"ನಿಮ್ಮ ಏಜೆಂಟ್ ಹೋಗಿಬಿಟ್ರಲ್ಲಮ್ಮ. ಬೇರೆಯವರನ್ನ ಕೊಡ್ತೀನಿ, ಮನೆಗೇ ಬರ್ತಾರೆ" ಎಂದರು ಅಧಿಕಾರಿ.

"ಬ್ಯಾಡ್ರಿ. ಇನ್ನು ಮೇಲೆ ನಾನೇ ಬರ್ತೀನಿ" ಎಂದೆ.

ಅಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದ್ದೆ. ನನಗೆ ನಾಚಿಕೆ ಆಗಲಿಲ್ಲ. ಗಾಡಿ ಇರುವವರೆಗೂ ಹಾಗೇ ಹೋಗಿ ಬಂದೆ.

ಆ ಮೊದಲ ಕವರ್ ನೋಟನ್ನು ಈ ಹಾಳೆಗಳ ಜೊತೆ ಪಿನ್ನು ಹಾಕಿ ಇಟ್ಟಿದ್ದೇನೆ. ಕಾಗದ ಮಡಿಕೆಯಲ್ಲಿ ಹರಿಯುತ್ತಿದೆ, ಬಿಚ್ಚುವಾಗ ಜೋಪಾನ. ಎರಡನ್ನೂ ಗೆದ್ದಲು ಹತ್ತದ ಕಡೆ ಇಡಿ, ಮಕ್ಕಳೇ.