ಜಗ್ಗುವ ಚೀಸು ಮತ್ತು ಒಂದು ಚಮಚ ತುಪ್ಪ

“ಅಜ್ಜಿ, ಚೀಸ್ ಜಗ್ಗತೈತಂತ. ಖರೇನ?”

ಕೇಳಿದವಳು ಮೊಮ್ಮಗಳು ತನ್ವಿ. ಹತ್ತು ವರ್ಷದ ಹುಡುಗಿಯರು ಸಾಮಾನ್ಯವಾಗಿ ಇಂಥದ್ದನ್ನು ಕೇಳುವುದಿಲ್ಲ, ತಿಂದು ನೋಡಿಬಿಡುತ್ತಾರೆ. ಗದಗಿಗೆ ಹೋಗಿ ಪಿಝಾ ತಿಂದು ಬಂದ ಗೆಳತಿಯರು ಕ್ಲಾಸಿನಲ್ಲಿ ಎರಡೂ ಕೈ ಅಗಲಿಸಿ ತೋರಿಸಿದ್ದರಂತೆ, ಇಷ್ಟುದ್ದ ಎಳೆ ಬರುತ್ತದೆ ಅಂತ. ಸಮುದ್ರ ನೋಡದವರು ಸಮುದ್ರದ ಬಗ್ಗೆ ಕೇಳುವ ದನಿಯಲ್ಲಿ ಇವಳು ನನ್ನನ್ನು ಕೇಳಿದಳು. ಓದುತ್ತಿದ್ದ ಪೇಪರನ್ನು ನಾನು ಮಡಿಸಿಟ್ಟೆ.

ಈ ಅಂಕಣದ ಹೊಸ ಓದುಗರಿಗೆ ಒಂದು ಮಾತು. (ಹಳಬರು ಈ ಪ್ಯಾರಾ ಹಾರಿಸಿ ಮುಂದೆ ಹೋದರೆ ನಾನೇನೂ ಅಂದುಕೊಳ್ಳುವುದಿಲ್ಲ.) ತನ್ವಿಗೆ ಹಾಲು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ಉಬ್ಬರಿಸುವುದಲ್ಲ, ಅಲರ್ಜಿ. ಇನ್ನೂ ತೊದಲು ಮಾತಾಡುವ ಕೂಸಿದ್ದಾಗ ಗಜೇಂದ್ರಗಡದ ಒಂದು ಮದುವೆಯಲ್ಲಿ ಯಾರೋ ಅಕ್ಕರೆಯಿಂದ ಅವಳ ಬಾಯಿಗೆ ಪೇಢೆಯ ಚೂರು ಇಟ್ಟರು. ತುಟಿ ಬಾತಿತು, ಮೈತುಂಬ ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ದವಾಖಾನೆ ಮುಟ್ಟುವವರೆಗೆ ನನ್ನ ಸೊಸೆ ಸುಜಾತಾ ಮಗುವಿನ ಎದೆಯ ಮೇಲಿಂದ ಕೈ ತೆಗೆದಿರಲಿಲ್ಲ. ಆಮೇಲೆ ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಹಾಲು ಮತ್ತು ಹಾಲಿನಿಂದ ಆದದ್ದು ಯಾವುದೂ ಬೇಡ ಎಂದರು. ಊಟದ ಕೊನೆಗೆ ಕೆನೆಮೊಸರು ಬರದಿದ್ದರೆ ಮನೆತನಕ್ಕೇ ಕುಂದು ಎನ್ನುವ ನಮ್ಮ ರೋಣದ ಸೀಮೆಯಲ್ಲಿ ಇಂಥದೊಂದು ಕೂಸು.

ಅವಳು ಹಟ ಮಾಡುವವಳಲ್ಲ. ಅದೇ ನನಗೆ ಸಂಕಟ. ಹೋದ ವರ್ಷ ಬರ್ತ್‌ಡೇಗೆ ಗೆಳತಿಯರೆಲ್ಲ ಕೇಕು ತಿಂದರು, ಇವಳು ಶೇಂಗಾ ಚಿಕ್ಕಿ ಕಡಿಯುತ್ತ ಫೋಟೋಕ್ಕೆ ನಕ್ಕಳು. ಎಷ್ಟು ಸಭ್ಯವಾದ ನಗು ಅದು! ಈ ವರ್ಷ ಮಾತ್ರ ಬರ್ತ್‌ಡೇನೇ ಬೇಡ ಎಂದಳು. ಯಾಕೆ ಎಂದು ತಾಯಿ ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದಳು:

“ಎಲ್ಲಾರೂ ಒಂದು ತಿಂತಾರ, ನಾ ಒಂದು ತಿನ್ನೂದು. ಬ್ಯಾಡ ಬಿಡು.”

ಸುಜಾತಾ ಒಳಗೆ ಹೋದಳು. ಒಗ್ಗರಣೆಯ ಹೊಗೆ ಇರದಿದ್ದರೂ ಕಣ್ಣು ಒರೆಸಿಕೊಂಡು ಬಂದಳು.

ಹೀಗೆ, ಈ ವಯಸ್ಸಿನಲ್ಲಿ ನಾನು ಚೀಸಿನ ಹಿಂದೆ ಬಿದ್ದೆ. ಎಲ್ಲರೂ ಒಂದೇ ಪಿಝಾ ತಿನ್ನಬೇಕು, ಅದು ಜಗ್ಗಬೇಕು, ಅದರಲ್ಲಿ ಹಾಲಿನ ಹನಿಯೂ ಇರಬಾರದು. ಮತ್ತು, ಇದು ಬಹಳ ಮುಖ್ಯ, ಉಳಿದ ಮಕ್ಕಳು ಮುಖ ಕಿವಿಚಬಾರದು. ಮಕ್ಕಳ ನಾಲಿಗೆ ಮುಲಾಜು ನೋಡುವುದಿಲ್ಲ, ಅಲ್ಲವೇ?

ಮೊದಲು ಬಜಾರಿಗೆ ಹೋದೆ. ನಮ್ಮ ಖಾಯಂ ಕಿರಾಣಿ ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಹಾಲಿಲ್ಲದ ಚೀಸು ಅಂದರೆ ಶೇಂಗಾ ಇಲ್ಲದ ಶೇಂಗಾ ಚಟ್ನಿ ಕೇಳಿದಂಗಾತ್ರಿ ಅಮ್ಮಾರ, ಎಂದು ಬಹಳ ಗೌರವದಿಂದಲೇ ಹೇಳಿ ಕಳಿಸಿದರು. ಕೊನೆಗೆ ಸುಜಾತಾ ಮೊಬೈಲಿನಲ್ಲಿ ಮೂರು ಬಗೆ ಆರ್ಡರ್ ಮಾಡಿದಳು.

ಒಂದು, ತೆಂಗಿನೆಣ್ಣೆಯಿಂದ ಮಾಡಿದ ಗಟ್ಟಿ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ? ಗಟ್ಟಿ ಅನ್ನುವುದು ಒಲೆ ಕಾಣುವ ಮೊದಲೇ ಕರಗಿ, ಸಾರಿನ ಪ್ಯಾಕೆಟ್ಟಿನ ಹಾಗೆ ಬಳುಕುತ್ತ ಬಂದಿತು. ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಗಟ್ಟಿಯಾಯಿತು. ತುರಿದು, ತವೆಯ ಮೇಲಿನ ರೊಟ್ಟಿಗೆ ಉದುರಿಸಿ, ಮುಚ್ಚಳ ಮುಚ್ಚಿದೆ. ಕರಗಿತೇ? ಚೆನ್ನಾಗಿಯೇ ಕರಗಿತು. ಆದರೆ ಎಣ್ಣೆ ಒಂದು ದಿಕ್ಕಿಗೆ, ಉಳಿದದ್ದು ಒಂದು ದಿಕ್ಕಿಗೆ. ಟೇಸ್ಟು? ಬಿಸಿ ಇರುವಾಗ ಏನೋ ಒಂದಿಷ್ಟು ಉಪ್ಪುಪ್ಪು. ಆರಿದ ಮೇಲೆ ಮೇಣದಬತ್ತಿ.

ಎರಡನೆಯದು ಸ್ಲೈಸು. ನೋಡಲು ಅಪ್ಪಟ ಚೀಸು, ಬಣ್ಣವೂ ಅದೇ. ಮೂಸಿದರೆ ನನ್ನ ಕಾನ್ವೆಂಟ್ ಬೋರ್ಡಿಂಗ್ ದಿನಗಳ ಡಬ್ಬಿ ಚೀಸು ನೆನಪಾಗಿ ಒಂದು ಗಳಿಗೆ ಎದೆ ಮೆತ್ತಗಾಯಿತು. ತವೆಯ ಮೇಲಿಟ್ಟರೆ ಅದು ಬೆವರಿತು. ಬರೀ ಬೆವರಿತು. ನಾಲ್ಕೂ ಮೂಲೆ ಹಾಗೇ ಇಟ್ಟುಕೊಂಡು, ಅಂಟಿಸಿದ ನೋಟಿಸಿನ ಹಾಗೆ ಕೂತೇ ಇತ್ತು.

ಮೂರನೆಯದು ಸೋಯಾ ಪನೀರು, ಟೋಫು ಅನ್ನುತ್ತಾರೆ. ಹಸಿಮೆಣಸಿನಕಾಯಿ ಖಾರದ ಜೊತೆ ಜೋಳದ ರೊಟ್ಟಿಗೆ ಭೇಷಾಗಿದೆ. ಕರಗುವ ಮಾತೇ ಇಲ್ಲ. ಪುಡಿಪುಡಿ.

ಆಗ ನನಗೆ ಎಣ್ಣೆ ತೆಗೆಯುವ ಕುಸುಬಿ ಕಾಳು ನೆನಪಾಯಿತು. ಕುಸುಬಿಯನ್ನು ನೆನೆಸಿ ರುಬ್ಬಿ ಹಾಲು ತೆಗೆದು ಹುಗ್ಗಿ ಮಾಡುವುದು ನಮ್ಮ ಕಡೆ ಹೊಸತೇನಲ್ಲ. ಎಮ್ಮೆ ಇಲ್ಲದ ಮನೆಗಳಲ್ಲೂ ಹಾಲಿನ ಹುಗ್ಗಿ ಆಗುತ್ತಿತ್ತು, ಯಾರೂ ಅದನ್ನು ‘ವೇಗನ್’ ಅನ್ನುತ್ತಿರಲಿಲ್ಲ! ಆ ಹಾಲು ಕಾಯಿಸಿದೆ, ಒಡೆಯಿತು, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ರುಚಿಯಲ್ಲಿ ಅದೇ ಎಲ್ಲಕ್ಕಿಂತ ಮೇಲು, ಕೊನೆಗೊಂದು ಸಣ್ಣ ಕಹಿ ಬಿಟ್ಟರೆ. ಕರಗುವ ವಿಷಯದಲ್ಲಿ ಮಾತ್ರ ಕುಸುಬಿ ಕುಸುಬಿಯೇ. ಜಗ್ಗಲಿಲ್ಲ. ಈ ಎಲ್ಲ ದಿನ ತನ್ವಿ ಅಡುಗೆಕಟ್ಟೆಯ ಪಕ್ಕ ನಿಂತು ಒಂದೊಂದು ಚೂರಿಗೂ ಫೋರ್ಕು ಚುಚ್ಚಿ ಎತ್ತಿ ನೋಡುತ್ತಿದ್ದಳು. ಎತ್ತುವುದು, ಎಳೆ ಬರದಿರುವುದು, ಇರಲಿ ಬಿಡಜ್ಜಿ ಎನ್ನುವುದು. ಮಕ್ಕಳು ದೊಡ್ಡವರನ್ನು ಸಮಾಧಾನ ಮಾಡುವುದಿದೆಯಲ್ಲ, ಅದರಷ್ಟು ಅಸಮಾಧಾನ ಇನ್ನೊಂದಿಲ್ಲ.

ಕೊನೆಗೆ ಗೆದ್ದದ್ದು ಗೋಡಂಬಿ. ನೆನೆಸಿ ನುಣ್ಣಗೆ ರುಬ್ಬಿ, ಹುಳಿ ಬರಲೆಂದು ಒಂದು ಚಮಚ ಇಡ್ಲಿ ಹಿಟ್ಟನ್ನೇ ಹೆಪ್ಪಿನ ಹಾಗೆ ಬೆರೆಸಿ ಹೊರಗಿಟ್ಟೆ. (ನಿಂಬೆ ಹಿಂಡಿದರೆ ಬರೀ ನಿಂಬೆಯೇ ಮಾತಾಡುತ್ತದೆ.) ಮರುದಿನ ಅದಕ್ಕೆ ಉಪ್ಪು, ಎಣ್ಣೆ, ಸಾಬೂದಾಣಿಯ ಹಿಟ್ಟು ಕಲಸಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವಿದೆ. ಹಲ್ವಾದ ಹಾಗೆ ತಳ ಬಿಡತೊಡಗಿತು. ಸೌಟು ಎತ್ತಿದೆ. ಎಳೆ! ಒಂದು ಗೇಣು, ಆಮೇಲೆ ಎರಡು ಗೇಣು. ತನ್ವಿಯನ್ನು ಕೂಗಲು ಬಾಯಿ ತೆರೆದವಳು ಸುಮ್ಮನಾದೆ. ಬರ್ತ್‌ಡೇ ದಿನವೇ ನೋಡಲಿ, ಗೆಳತಿಯರ ಎದುರಿಗೇ.

ಬರ್ತ್‌ಡೇ ದಿನ ನರೇಗಲ್‌ನಿಂದ ಗೌರಕ್ಕ ಬಂದರು. ಗೌರಕ್ಕ ನನ್ನ ನೆಗೆಣ್ಣಿ, ನಮ್ಮೆಜಮಾನರ ಅಣ್ಣನ ಹೆಂಡತಿ. ಎಂಬತ್ತರ ಹತ್ತಿರ, ನನಗಿಂತ ಗಟ್ಟಿ. ಎಲ್ಲಿಗೆ ಹೋದರೂ ಅವರ ಚೀಲದಲ್ಲಿ ಸ್ವಂತ ಎಮ್ಮೆಯ ತುಪ್ಪದ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಬೇರೆಯವರ ಮನೆಯ ತುಪ್ಪದ ಮೇಲೆ ಅವರಿಗೆ ನಂಬಿಕೆ ಇಲ್ಲ. ನಾನು ಗೋಡಂಬಿಯಲ್ಲಿ ಚೀಸು ಮಾಡಿದ್ದನ್ನು ಕೇಳಿ, ಕಾನ್ವೆಂಟಿನಾಗ ಕಲ್ತಿದ್ದು ಈಗ ಉಪಯೋಗಕ್ಕ ಬಂತೇನವಾ, ಎಂದು ಕಾಲೆಳೆದರು.

ಗೋಧಿ ಹಿಟ್ಟಿನ ರೊಟ್ಟಿಗಳನ್ನು ಅರೆಬೇಯಿಸಿ ತಟ್ಟೆಯಲ್ಲಿಟ್ಟು ನಾನು ಸೀರೆ ಬದಲಿಸಲು ಹೋದೆ. ಸುಜಾತಾ ಬಲೂನು ಕಟ್ಟುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಗೌರಕ್ಕ ಒಬ್ಬರೇ.

ಮಕ್ಕಳು ಬಂದರು. ಪಕ್ಕದ ಓಣಿಯ ರುಖ್ಸಾನಾ ಎಲ್ಲರಿಗಿಂತ ಮುಂದೆ. ತವೆಯಿಂದ ಪಿಝಾಗಳು ಒಂದೊಂದಾಗಿ ಇಳಿದವು. ತನ್ವಿ ತನ್ನ ತುಂಡನ್ನು ಎತ್ತಿದಳು, ಎತ್ತಿದಳು, ಕೈ ತಲೆಯವರೆಗೂ ಹೋಯಿತು, ಎಳೆ ಹರಿಯಲಿಲ್ಲ. ಆ ಮುಖವನ್ನು ವರ್ಣಿಸಲು ನನ್ನ ಎರಡೂ ಭಾಷೆಗಳಲ್ಲಿ ಶಬ್ದವಿಲ್ಲ. ಬಾಯಿಯ ಹತ್ತಿರ ತಂದಳು. ನಿಲ್ಲಿಸಿದಳು. ಮೂಸಿದಳು. ತಟ್ಟೆಯಲ್ಲಿ ಮೆಲ್ಲಗೆ ಇಟ್ಟು, ಯಾರಿಗೂ ಕೇಳದಂತೆ ನನ್ನ ಕಿವಿಯ ಹತ್ತಿರ ಬಂದಳು.

“ಅಜ್ಜಿ, ತುಪ್ಪದ ವಾಸನಿ ಬರಾಕತ್ತೈತಿ.”

ನನ್ನ ಮೂಗಿಗೂ ನನ್ನಷ್ಟೇ ವಯಸ್ಸು, ಅದಕ್ಕೆ ಗೊತ್ತಾಗಿರಲಿಲ್ಲ. ಗೌರಕ್ಕನ ಕಡೆ ನೋಡಿದೆ. ಅವರೇನೂ ಮುಚ್ಚಿಡಲಿಲ್ಲ. ಹೌದು, ರೊಟ್ಟಿಗೆ ಒಂದೊಂದು ಚಮಚ ಸವರೀನಿ, ಬರ್ತ್‌ಡೇ ದಿನ ಕೂಸಿಗೆ ಒಣಾ ರೊಟ್ಟಿ ಹ್ಯಾಂಗ ಕೊಡೂದು, ಎಂದರು. ಹಾಲು ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೆ ತುಪ್ಪ ಎಲ್ಲಿಯ ಹಾಲು? ಕಾಸಿ, ಶುದ್ಧವಾಗಿ, ಬೇರೆಯೇ ಆಗಿಹೋದದ್ದಲ್ಲವೇ ಅದು? ಬಾಣಂತಿಗೆ, ಕೂಸಿಗೆ, ಬೇನೆಯವರಿಗೆ ಕೊಡುವುದಲ್ಲವೇ? ಆ ತಲೆಮಾರಿನ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಸುಜಾತಾ ಬಂದವಳೇ ಮಗಳ ತುಟಿ, ನಾಲಿಗೆ, ಕತ್ತು ಎಲ್ಲ ನೋಡಿದಳು. ಬಾಯಿಗೆ ಏನೂ ಮುಟ್ಟಿರಲಿಲ್ಲ. ಅವಳ ಬೆರಳುಗಳನ್ನು ಸೋಪು ಹಚ್ಚಿ ತೊಳೆಸಿದಳು. ದೊಡ್ಡತ್ತೆಗೆ ಎದುರು ಮಾತಾಡದ ಹುಡುಗಿ, ಅಂದು ಮಾತಾಡಿದಳು.

“ಒಂದ್ ಮಾತು ಕೇಳಬೇಕಿತ್ತಲ್ರಿ ಅತ್ತಿ.”

ಗೌರಕ್ಕನಿಗೆ ಖರೇನೇ ಅರ್ಥವಾಗಲಿಲ್ಲ. “ಕೇಳಿ ನೀಡ್ತಾರೇನವಾ ಯಾರಾರ?” ಎಂದರು.

ಅವರ ಮಾತು ನಿಜ. ನಮ್ಮ ಕಡೆ ಕೇಳಿ ನೀಡುವುದಿಲ್ಲ. ‘ಬೇಕೇನ್ರಿ?’ ಎಂದರೆ ಬೇಡ ಅನ್ನಲಿ ಎಂದೇ ಕೇಳಿದರು ಎಂದು ಮಾತಾಗುತ್ತದೆ. ಉಣ್ಣುವವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ನೀಡುವವರು ಬೆರಳ ಸಂದಿಯಿಂದಲೇ ತುಪ್ಪ ಸುರಿಯಬೇಕು. ಅದೇ ಮಾನ, ಅದೇ ಪ್ರೀತಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹೀಗೆ ಹೊಟ್ಟೆ ಬಿರಿಯುವಂತೆ ಉಂಡಿದ್ದೇನೆ. ಅದಕ್ಕೂ ಮೊದಲು ಬೋರ್ಡಿಂಗಿನಲ್ಲಿ ಸಿಸ್ಟರ್ ಒಬ್ಬರು ಭಾನುವಾರದ ಟೋಸ್ಟ್ ಹಿಡಿದು ಪ್ರತಿ ಹುಡುಗಿಯ ಮುಂದೆ ನಿಂತು, ‘ವುಡ್ ಯೂ ಲೈಕ್ ಸಮ್ ಮೋರ್, ಚೈಲ್ಡ್?’ ಎಂದು ಕೇಳುತ್ತಿದ್ದರು. ಎಷ್ಟು ತಣ್ಣಗಿನ ಜನ ಇವರು, ಎಂದು ಆಗ ಅಂದುಕೊಂಡಿದ್ದೆ. ಮನೆಯಲ್ಲಾದರೆ ಅವ್ವ ಕೇಳುತ್ತಿರಲಿಲ್ಲವಲ್ಲ, ಹಾಕುತ್ತಿದ್ದಳು.

ಗೌರಕ್ಕ ತನ್ವಿಯ ಮುಖ ನೋಡಿದರು. ಆ ಹುಡುಗಿ ಮತ್ತೆ ಅದೇ ಸಭ್ಯ ನಗು ನಕ್ಕು, ಇರಲಿ ಬಿಡು ದೊಡ್ಡಜ್ಜಿ, ನನಗ ಹಸಿವಿಲ್ಲ ಎಂದಳು. ಆ ನಗೆ ಅವರಿಗೆ ಬಡಿದಷ್ಟು ಸುಜಾತಾಳ ಮಾತು ಬಡಿದಿರಲಿಕ್ಕಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ತವೆಯನ್ನು ಸೋಪು ಹಚ್ಚಿ ಗಸಗಸ ತಿಕ್ಕಿದರು, ತೊಳೆದರು, ಮತ್ತೆ ತಿಕ್ಕಿದರು. ಕೈ ತೊಳೆದು ಹೊಸ ಹಿಟ್ಟು ಕಲಸಲು ಕೂತು, ಯಾವ ಎಣ್ಣಿ ಹಾಕ್ಲಿ ಎಂದು ಸುಜಾತಾಳನ್ನು ಕೇಳಿದರು. ಸುಜಾತಾ ಹೇಳಿದಳು. ಉಪ್ಪು ನಡೀತದೇನ ಎಂದೂ ಕೇಳಿದರು. ನನಗೆ ನಗು ಬಂತು, ನಗಲಿಲ್ಲ.

ಚೀಸು ಹೆಚ್ಚು ಉಳಿದಿರಲಿಲ್ಲ. ಪಾತ್ರೆಯ ತಳ, ಸೌಟಿನ ಬೆನ್ನು ಎಲ್ಲ ಕೆರೆದು ಒಂದು ಸಣ್ಣ ಪಿಝಾ ಆಯಿತು. ಹೊರಗೆ ಮಕ್ಕಳು ತುಪ್ಪ ಸವರಿದ್ದನ್ನೆಲ್ಲ ಆಗಲೇ ಮುಗಿಸಿದ್ದರು. ಸುಜಾತಾ ಎಲ್ಲರನ್ನೂ ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿ ಕೈಬಾಯಿ ತೊಳೆಸಿದಳು. ಹೊಸ ತಟ್ಟೆಯಲ್ಲಿ ಸಣ್ಣ ಪಿಝಾ ತನ್ವಿಯ ಮುಂದೆ ಬಂತು. ಕೊನೆಗೂ ಎಲ್ಲರೂ ಒಂದು ತಿಂದರು, ಅವಳೊಬ್ಬಳು ಒಂದು.

ಆದರೆ ಮಕ್ಕಳಿಗೆ ಹೊಟ್ಟೆ ತುಂಬುವುದು ಯಾವಾಗ? ರುಖ್ಸಾನಾ ಕಣ್ಣಲ್ಲೇ ಅಳತೆ ಮಾಡಿ, ತಟ್ಟೆಗೆ ಕೈ ಹಾಕಿ ಒಂದು ಮೂಲೆ ಹರಿದುಕೊಂಡಳು. ಎಳೆ ಬಿಡಲಿಲ್ಲ. ಈ ತುದಿ ಅವಳ ಕೈಯಲ್ಲಿ, ಆ ತುದಿ ತನ್ವಿಯ ತಟ್ಟೆಯಲ್ಲಿ. ಇನ್ನಿಬ್ಬರು ಕೈ ಹಾಕಿದರು.

“ಏ, ಅದು ನಂದೈತಲೇ. ಕೊಡ ಇಲ್ಲಿ!” ಎಂದು ನನ್ನ ಸಭ್ಯ ಮೊಮ್ಮಗಳು ಚೀರಿದಳು.

ಮಂಡಿಯೂರಿ ಎದ್ದು ಕಸಿದುಕೊಂಡಳು, ಗಬಕ್ಕನೆ ಬಾಯಿಗೆ ಹಾಕಿಕೊಂಡಳು, ಗಲ್ಲಕ್ಕೆಲ್ಲ ಚೀಸು. ಅವಳ ತಟ್ಟೆಗೆ ಅಲ್ಲಿಯವರೆಗೆ ಯಾರೂ ಕೈ ಹಾಕಿರಲಿಲ್ಲ. ಯಾರಿಗೂ ಬೇಡವಾದದ್ದೇ ಅಲ್ಲವೇ ಅವಳ ತಟ್ಟೆಯಲ್ಲಿ ಇರುತ್ತಿದ್ದದ್ದು? ಕಾಯ್ದುಕೊಳ್ಳಬೇಕಾದ ಊಟ ಅವಳಿಗೆ ಸಿಕ್ಕದ್ದು ಅದೇ ಮೊದಲು. ಬಾಗಿಲಿಗೆ ಒರಗಿ ನಿಂತು ಸುಜಾತಾ ನಗುತ್ತಿದ್ದಳು. ಜಗಳ ಬಿಡಿಸಲು ನಾವು ಯಾರೂ ಹೋಗಲಿಲ್ಲ.

ಸಂಜೆ ಊಟಕ್ಕೆ ಕೂತೆವು. ಗೌರಕ್ಕ ತುಪ್ಪದ ಡಬ್ಬಿ ಹಿಡಿದು ಎಂದಿನಂತೆ ಬಂದರು. ನನ್ನ ಮಗನ ಕೈಯನ್ನು ಸರಿಸಿ ಸುರಿದರು, ನನ್ನ ಬೆರಳ ಸಂದಿಯಿಂದ ಸುರಿದರು. ತನ್ವಿಯ ತಟ್ಟೆ ಬಂದಾಗ ನಿಂತರು. ಡಬ್ಬಿಯನ್ನು ದೂರ ಇಟ್ಟು, ಕೈ ತೊಳೆದು ಬಂದು, ಅವಳ ಎದುರು ಬಗ್ಗಿ ಕೇಳಿದರು.

“ನಿನಗೇನು ಹಾಕ್ಲಿ, ನೀನಽ ಹೇಳವಾ.”

ತನ್ವಿ ಯೋಚಿಸಿದಳು. ಯಾರೂ ಕೇಳದ ಪ್ರಶ್ನೆಗೆ ಉತ್ತರ ತಟ್ಟನೆ ಬರುವುದಿಲ್ಲ. ಆಮೇಲೆ, ಶೇಂಗಾ ಎಣ್ಣಿ, ಮ್ಯಾಲ ಚಟ್ನಿಪುಡಿ, ಭಾಳ ಹಾಕು ಎಂದಳು. ಗೌರಕ್ಕ ಹಾಕಿದರು, ಸಾಕೆಂದರೂ ಕೇಳದೆ.

ಇಷ್ಟು ವರ್ಷ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ, ನಮ್ಮ ಪ್ರೀತಿಯಲ್ಲಿ ಏನು ಕಡಿಮೆಯಾಗುತ್ತಿತ್ತು?