ಕಿಟಕಿಗೆ ಹೊಲಿದ ಖಣ

ಪುಟ್ಟಿ, ತಮ್ಮಾ, ಇದನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ.

ಮದುವೆಯಾಗಿ ಮಾಳಮಡ್ಡಿಗೆ ಬಂದ ಹೊಸದರಲ್ಲಿ ನಮ್ಮ ಬಾಡಿಗೆ ಮನೆಯ ಕಿಟಕಿ ಬೋಳಾಗಿತ್ತು. ಉಡಿ ತುಂಬಿದವರು ಕೊಟ್ಟ ಖಣಗಳು, ಅಂದರೆ ಕುಪ್ಪಸದ ಬಟ್ಟೆಗಳು, ನನ್ನ ಪೆಟ್ಟಿಗೆಯಲ್ಲಿ ಏಳೆಂಟು ಇದ್ದವು. ಎಲ್ಲವನ್ನೂ ಕತ್ತರಿಸಿ, ಕೆಂಪು, ಹಸಿರು, ನೇರಳೆ ತುಂಡುಗಳನ್ನು ಜೋಡಿಸಿ ಪರದೆ ಹೊಲಿದೆ. ಅತ್ತೆ ಅದರ ಅಂಚು ಮುಟ್ಟಿ ನೋಡಿ ಒಳಗೆ ಹೋದರು. ತಪ್ಪು ಮಾಡಿದೆನೇನೋ ಎಂದು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ಸಂಜೆ ನಿಮ್ಮ ಅಜ್ಜ ಕಲಿಸುತ್ತಿದ್ದ ಶಾಲೆಯ ಹೆಡ್ ಮಾಸ್ತರರ ಹೆಂಡತಿ ಮೊದಲ ಸಲ ಮನೆಗೆ ಬಂದರು. ನಾನು ಚುರುಮುರಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ ಮಂಡಕ್ಕಿಯ ತಿಂಡಿ ಸುಸಲಾ ಮಾಡುತ್ತಿದ್ದೆ. ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸುವಾಗ ಹೊಳೆಯಿತು: ಮೊದಲ ಸಲ ಬಂದ ಮುತ್ತೈದೆಯ ಮಡಿಲಿಗೆ ಖಣವಿಟ್ಟು ಉಡಿ ತುಂಬಬೇಕು, ನನ್ನ ಹತ್ತಿರ ಕತ್ತರಿಸದ ಖಣ ಒಂದೂ ಇಲ್ಲ. ಅವರು ಬರಿ ಉಡಿಯಲ್ಲಿ ಹೋದರೆ ಅತ್ತೆಯ ಮಾನ ಹೋಗುತ್ತಿತ್ತು.

“ಪರದೆ ಭಾಳ ಛಂದ ಅದ. ಯಾರು ಹೊಲದಾರ್ರಿ?” ಎಂದರು ಬಂದವರು.

“ನಮ್ಮ ಸೊಸಿರಿ,” ಎಂದ ಅತ್ತೆ ನನ್ನತ್ತ ತಿರುಗಿ, “ಕುಂಕುಮ, ಖಣ ತಗೊಂಡ ಬಾ” ಎಂದರು.

ಕುಂಕುಮದ ಬಟ್ಟಲನ್ನಷ್ಟೇ ಹಿಡಿದು ಒಳಗೆ ನಿಂತೆ. ಹಿಂದೆಯೇ ಬಂದ ಅತ್ತೆ ತಮ್ಮ ಟ್ರಂಕಿನಿಂದ ಹೊಸ ಖಣ ತೆಗೆದು ನನ್ನ ಕೈಗಿಟ್ಟರು.

“ಕಿಡಕಿಗೆ ಕುಪ್ಪಸ ಹೊಲದೀಯಲ್ಲ, ಇನ್ನ ಸೀರಿ ಯಾವಾಗ ಉಡಸ್ತಿ?” ಎಂದು ಮೆಲ್ಲಗೆ ಕೇಳಿದರು.

ಅದು ಅವರು ಕಾದಿಟ್ಟಿದ್ದ ತವರಿನ ಖಣವೆಂದು ಆಮೇಲೆ ತಿಳಿಯಿತು. ನನ್ನ ಮಾನ ಉಳಿಸಿದಿರೆಂದು ನಾಚಿಕೆಯಿಂದ ನಾನು ಅವರಿಗೆ ಹೇಳಲೇ ಇಲ್ಲ. ಹೇಳುವ ಧೈರ್ಯ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಆ ಮಾತನ್ನು ಇಲ್ಲಿ ಹೇಳಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ.